ಗುಳಿಗೆ ನುಂಗುವ ಮುನ್ನ

ಅಂಧೇರಿಯ ಚಾಳುಗಳಲ್ಲಿ ವಾಸಿಸುವ ನಮ್ಮ ಗೃಹಿಣಿಯರು ಮನೆಯವರೆಲ್ಲರ ಬೇನೆ ವಿಚಾರಿಸಿ, ತಮ್ಮದನ್ನು ಕಟ್ಟಕಡೆಗೆ ಹೇಳುವವರು. ಗಂಡ ಹೋಟೇಲು ಮುಚ್ಚಿ ನಡುರಾತ್ರಿ ಬರುತ್ತಾನೆ, ಹೇಳುವುದು ಯಾರಿಗೆ? ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರಿ ಬೆವರತೊಡಗಿದರೆ, ನಿದ್ದೆ ಕೆಟ್ಟರೆ, ನೆರೆಯ ಖೋಲಿಯವರು ಹೇಳಿದ ಗುಳಿಗೆಯನ್ನು ಅಂಗಡಿಯಿಂದ ತರಿಸಿ ನುಂಗುವುದುಂಟು. ಈ ರೂಢಿ ಸಲ್ಲದೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಈಸ್ಟ್ರೋಜನ್ ಗುಳಿಗೆ ವಿಷವಲ್ಲ. ಹೆಣ್ಣಿನ ದೇಹವೇ ತಯಾರಿಸುವ ರಸವದು. ಮುಟ್ಟು ನಿಲ್ಲುವಾಗ ಅದು ಕಡಿಮೆಯಾಗುತ್ತದೆ. ಗುಳಿಗೆಯಿಂದ ಬಿಸಿ, ಬೆವರು ತಗ್ಗುತ್ತವೆ. ಎಲುಬಿನ ಸವಕಳಿಯೂ ತಗ್ಗುತ್ತದೆ. ಎಳೆಯ ವಯಸ್ಸಿನಲ್ಲೇ ಅಂಡಾಶಯ ತೆಗೆಸಿಕೊಂಡವರಿಗೆ ಡಾಕ್ಟರರು ಅದನ್ನು ಬೇಕೆಂದೇ ಕೊಡುವುದುಂಟು.

ಆದರೆ ಗರ್ಭಕೋಶವಿರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರಿನ ಕ್ಯಾನ್ಸರಿನ ಭಯ ಹೆಚ್ಚುತ್ತದೆಂದು 1975ರಲ್ಲೇ ಅಮೇರಿಕದ ವೈದ್ಯರು ತೋರಿಸಿದರು. ಅದಕ್ಕಾಗಿ ಅಂಥವರಿಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಔಷಧವನ್ನು ಜೊತೆಗೆ ಕೊಡುತ್ತಾರೆ. ಈ ಜೋಡಿ ಔಷಧವನ್ನು 16,000ಕ್ಕೂ ಹೆಚ್ಚು ಹೆಂಗಸರಲ್ಲಿ ಪರೀಕ್ಷಿಸುತ್ತಿದ್ದ ಅಧ್ಯಯನವನ್ನು 2002ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದವು. ಅರವತ್ತರ ಒಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಸುರುಮಾಡಿದವರಿಗೆ ಅಪಾಯ ಕಡಿಮೆಯೆಂದು ಆಮೇಲೆ ತಿಳಿದುಬಂತು. ಅಂದರೆ ಔಷಧವೊಂದೇ ಆದರೂ, ಯಾರಿಗೆ, ಯಾವಾಗ, ಎಷ್ಟು ಎಂಬುದೇ ಮುಖ್ಯ. ಅದನ್ನು ನೆರೆಯವರು ಹೇಳಲಾರರು.

ನಮ್ಮ ದೇಶದ ಪಾಠವೂ ಇದೆ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಸೇರಿಸಿದ ಭಾರೀ ಪ್ರಮಾಣದ ಗುಳಿಗೆಗಳನ್ನು ಒಂದು ಕಾಲಕ್ಕೆ ಬಸುರು ನಿಂತಿದೆಯೇ ಎಂದು ನೋಡಲು ಕೊಡುತ್ತಿದ್ದರು. ಹೊಟ್ಟೆಯಲ್ಲಿರುವ ಕೂಸಿಗೆ ಕೇಡಾದೀತೆಂದು ಹೆಂಗಸರ ಸಂಘಗಳೂ ಕೆಲ ವೈದ್ಯರೂ ಕೂಗೆಬ್ಬಿಸಿದರು. 1982ರಲ್ಲಿ ಸರಕಾರ ನಿಷೇಧಿಸಿತು. ತಯಾರಕರು ಕೋರ್ಟಿಗೆ ಹೋದರು. 1987ರಲ್ಲಿ ಬಹಿರಂಗ ವಿಚಾರಣೆಯಾಯಿತು. ಆ ದಶಕದ ಕೊನೆಗೆ ನಿಷೇಧ ನೆಲೆಗೊಂಡಿತು. ಇಷ್ಟು ವರ್ಷ ಕಾದದ್ದು ಯಾರ ಲಾಭಕ್ಕೆಂದು ಕಾರ್ಮಿಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಂಘಟಿತರಾಗಿ ಕೇಳಿದ್ದರಿಂದಲೇ ಅದು ಸಾಧ್ಯವಾಯಿತೆಂಬುದನ್ನೂ ಮರೆಯಬಾರದು.

ಆದುದರಿಂದ ತಾಯಂದಿರು ಗಮನಿಸಬೇಕು. ಸ್ತನದ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಯಕೃತ್ತಿನ ಬೇನೆ, ರಕ್ತ ಹೆಪ್ಪುಗಟ್ಟಿದ ಪೂರ್ವವೃತ್ತಾಂತ, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ಮೊದಲೇ ಡಾಕ್ಟರರಿಗೆ ಹೇಳತಕ್ಕದ್ದು. ಗುಳಿಗೆ ತೆಗೆದುಕೊಳ್ಳುವಾಗ ಒಂದು ಕಾಲು ಬಾತು ನೋಯ್ದರೆ, ಎದೆ ನೋವು, ಏದುಸಿರು, ಹಠಾತ್ ತಲೆಶೂಲೆ, ಕಣ್ಣು ಮಂಜಾಗುವುದು ಕಂಡರೆ ಆಸ್ಪತ್ರೆಗೆ ಓಡಬೇಕು. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ನಾಚಿ ಮುಚ್ಚಿಡಕೂಡದು.

ಗಂಡಸರಿಗೂ ಒಂದು ಮಾತು. ಇ.ಎಸ್.ಐ. ಕಾರ್ಡು ನಿಮ್ಮ ಹೆಸರಿನಲ್ಲಿದ್ದರೂ ಚಿಕಿತ್ಸೆಯ ಹಕ್ಕು ಮನೆಯವಳಿಗೂ ಇದೆ. ವಾರದ ರಜೆಯ ದಿನ ಅವಳೊಡನೆ ದವಾಖಾನೆಗೆ ಹೋಗಿರಿ. ಸಂಘವೂ ವರ್ಷಕ್ಕೊಮ್ಮೆಯಾದರೂ ಲೇಡಿ ಡಾಕ್ಟರರನ್ನು ಕರೆಸಿ ಕನ್ನಡದಲ್ಲಿ ಮಾತನಾಡಿಸಲಿ. ಸಂಬಳಕ್ಕಾಗಿ ಒಟ್ಟಾಗಿ ಕೇಳಲು ಕಲಿತ ನಾವು, ಮನೆಯ ಹೆಂಗಸರ ಆರೋಗ್ಯಕ್ಕಾಗಿಯೂ ಕೇಳೋಣ.