ಮಣ್ಣಿನಡಿಯ ನಾಣ್ಯ ಯಾರದು?

ಲೋಹಶೋಧಕ ಯಂತ್ರವನ್ನು ಹಿಡಿದು ಕಾಡು, ಹೊಲಗಳಲ್ಲಿ ಹಳೆಯ ನಾಣ್ಯಗಳನ್ನು ಹುಡುಕುವುದು ಇಂಗ್ಲೆಂಡಿನಲ್ಲಿ ಸಾವಿರಾರು ಜನರ ಹವ್ಯಾಸವಾಗಿದೆ. ಯಂತ್ರವು ಒಮ್ಮೆ ಸದ್ದು ಮಾಡಿದರೆ ಸಾಕು, ಮನುಷ್ಯನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, ‘ಇದರ ಬೆಲೆ ಎಷ್ಟು?’ ಎಂಬುದು. ಇಸ್ಲಾಮ್ ಕಲಿಸುವ ಮೊದಲ ಪ್ರಶ್ನೆ ಬೇರೆ: ‘ಇದು ಯಾರದು?’ ಸಿಕ್ಕಿದ ಸಂಪತ್ತು ಹಲಾಲ್ ಆಗುವುದೂ ಹರಾಮ್ ಆಗುವುದೂ ಈ ಪ್ರಶ್ನೆಗೆ ನಾವು ಕೊಡುವ ಉತ್ತರದಿಂದಲೇ.

ಆ ದೇಶದ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. 2007ರಲ್ಲಿ ಯಾರ್ಕ್‌ಶೈರ್‌ನ ಹ್ಯಾರೊಗೇಟ್ ಸಮೀಪದ ಹೊಲವೊಂದರಲ್ಲಿ ತಂದೆ ಮಗನಿಗೆ ಬೆಳ್ಳಿಯ ಪಾತ್ರೆಯೊಂದು ಸಿಕ್ಕಿತು. ಅವರು ಅದರೊಳಗಿನದನ್ನು ಕೆದಕದೆ ಅಧಿಕಾರಿಗಳಿಗೆ ತಿಳಿಸಿದರು. ಹತ್ತನೇ ಶತಮಾನದಲ್ಲಿ ಹೂಳಲಾಗಿದ್ದ ಆ ನಿಧಿಯಲ್ಲಿ 617 ನಾಣ್ಯಗಳಿದ್ದವು. ದೂರದ ಸಮರ್ಕಂದ್‌ನಲ್ಲಿ ಅಚ್ಚಾದ ಇಸ್ಲಾಮೀ ದಿರ್‌ಹಮ್ ಕೂಡ ಅವುಗಳಲ್ಲಿತ್ತು. ವಸ್ತುಸಂಗ್ರಹಾಲಯಗಳು ಹತ್ತು ಲಕ್ಷ ಪೌಂಡ್‌ಗಿಂತ ಹೆಚ್ಚಿನ ಮೊತ್ತ ನೀಡಿ ಅದನ್ನು ಪಡೆದವು. ಶೋಧಿಸಿದವರಿಗೂ ಜಮೀನಿನ ಮಾಲೀಕರಿಗೂ ಅದರಲ್ಲಿ ಪಾಲು ದೊರೆಯಿತು.

2015ರಲ್ಲಿ ಹೆರೆಫೋರ್ಡ್‌ಶೈರ್‌ನಲ್ಲಿ ಅಂತಹುದೇ ನಿಧಿ ಇಬ್ಬರ ಕೈಗೆ ಸಿಕ್ಕಿತು. ಅದರಲ್ಲಿ ಸುಮಾರು 300 ನಾಣ್ಯಗಳಿದ್ದವೆಂದು ಅಂದಾಜು. ಅವರು ಅದನ್ನು ಮುಚ್ಚಿಟ್ಟು ಮಾರತೊಡಗಿದರು. 2019ರಲ್ಲಿ ನ್ಯಾಯಾಲಯವು ಇಬ್ಬರಿಗೂ ದೀರ್ಘ ಸೆರೆವಾಸ ವಿಧಿಸಿತು. ಆಗ ಮರಳಿ ಸಿಕ್ಕಿದ್ದು ಮೂವತ್ತರ ಆಸುಪಾಸಿನ ನಾಣ್ಯಗಳು ಮಾತ್ರ. ನಿಧಿ ಸಿಕ್ಕಿದ ಹದಿನಾಲ್ಕು ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕೆನ್ನುವ 1996ರ ಕಾಯ್ದೆಯನ್ನು ಪಾಲಿಸಿದ್ದರೆ ಅವರಿಗೂ ನ್ಯಾಯಬದ್ಧವಾದ ಬಹುಮಾನ ದೊರೆಯುವ ಸಾಧ್ಯತೆಯಿತ್ತು. ದುರಾಸೆಯು ಅದನ್ನೂ ಕಸಿದುಕೊಂಡಿತು.

ಈ ವಿಷಯದಲ್ಲಿ ಇಸ್ಲಾಮೀ ಕರ್ಮಶಾಸ್ತ್ರದ ನಿಲುವು ಏನು? ಇಸ್ಲಾಮಿಗೆ ಪೂರ್ವದ ಜನರು ಹೂತಿಟ್ಟ ಸಂಪತ್ತನ್ನು ‘ರಿಕಾಝ್’ ಎನ್ನುತ್ತಾರೆ. ಅದರಲ್ಲಿ ಐದನೇ ಒಂದು ಭಾಗವನ್ನು ಸಲ್ಲಿಸಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ವಾರ್ಷಿಕ ಝಕಾತ್ ಎರಡೂವರೆ ಶೇಕಡಾ ಆಗಿದ್ದರೆ, ಶ್ರಮವಿಲ್ಲದೆ ಸಿಕ್ಕಿದ ಈ ಸಂಪತ್ತಿನ ಮೇಲಿನ ಹೊಣೆ ಇಪ್ಪತ್ತು ಶೇಕಡಾ. ಅದೇ ನಾಣ್ಯದ ಮೇಲೆ ಇಸ್ಲಾಮೀ ಕಾಲದ ಗುರುತಿದ್ದರೆ ವಿಧಿ ಬದಲಾಗುತ್ತದೆ. ಅದನ್ನು ‘ಲುಕ್ತ’, ಅಂದರೆ ಕಳೆದುಹೋದ ಸೊತ್ತು ಎಂದು ಪರಿಗಣಿಸಬೇಕು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಲುಕ್ತದ ಬಗ್ಗೆ ಕೇಳಿದವನಿಗೆ ಪ್ರವಾದಿವರ್ಯರು(ಸ) ಕೊಟ್ಟ ಮಾರ್ಗದರ್ಶನ ಗಮನಾರ್ಹವಾಗಿದೆ. ಮೊದಲು ಅದರ ಚೀಲವನ್ನೂ ಕಟ್ಟಿದ ದಾರವನ್ನೂ ಗುರುತಿಟ್ಟುಕೊಳ್ಳಬೇಕು. ಬಳಿಕ ಒಂದು ವರ್ಷ ಜನರಲ್ಲಿ ಘೋಷಿಸಬೇಕು. ಹಣವನ್ನು ಎಣಿಸುವುದಕ್ಕಿಂತ ಮೊದಲು ಅದು ಇದ್ದ ಸ್ಥಿತಿಯನ್ನು ಕಾಪಾಡಬೇಕೆಂಬ ಪಾಠ ಇದರಲ್ಲಿದೆ. ಇಂದಿನ ಪುರಾತತ್ವಜ್ಞರು ಕೇಳುವುದೂ ಅದನ್ನೇ. ನಾಣ್ಯವು ಯಾವ ಪಾತ್ರೆಯಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಯಲ್ಲಿತ್ತು ಎಂಬುದು ಅಳಿಸಿಹೋದರೆ, ಅದು ನುಡಿಯಬೇಕಾಗಿದ್ದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ವ್ಯಾಪಾರಿಗಳು, ಪ್ರಯಾಣಿಕರ ಕೈಯಿಂದ ಕೈಗೆ ಸಾಗಿ ಯಾರ್ಕ್‌ಶೈರ್ ತಲುಪಿದ ಆ ದಿರ್‌ಹಮ್ ನಮ್ಮ ಪೂರ್ವಿಕರ ಇತಿಹಾಸದ ಸಾಕ್ಷಿಯೂ ಹೌದು.

‘ಸಾವಿರ ವರ್ಷಗಳ ಹಿಂದೆ ಸತ್ತವನಿಗೆ ಈಗ ಯಾವ ಹಕ್ಕು? ಐದನೇ ಒಂದನ್ನು ಕೊಟ್ಟು ಉಳಿದುದನ್ನು ಇಟ್ಟುಕೊಂಡರಾಯಿತು. ಸರಕಾರಕ್ಕೆ ಏಕೆ ತಿಳಿಸಬೇಕು?’ ಎಂದು ಕೇಳುವವರಿದ್ದಾರೆ. ಆದರೆ ಅನ್ಯರ ಭೂಮಿಯಲ್ಲಿ ಸಿಕ್ಕಿದ ನಿಧಿ ಶೋಧಿಸಿದವನದೋ ಭೂಮಾಲಿಕನದೋ ಎಂಬ ಬಗ್ಗೆ ಇಮಾಮರುಗಳಲ್ಲಿಯೇ ಭಿನ್ನಾಭಿಪ್ರಾಯವಿದೆ. ಹೀಗಿರುವಾಗ ಅನುಮತಿಯಿಲ್ಲದೆ ಇನ್ನೊಬ್ಬರ ಹೊಲವನ್ನೋ ಸಾರ್ವಜನಿಕ ಅರಣ್ಯವನ್ನೋ ಅಗೆದವನು ತನ್ನ ಪಾಲನ್ನು ತಾನೇ ತೀರ್ಮಾನಿಸುವುದು ಹೇಗೆ? ಅದಲ್ಲದೆ, ನಿಧಿಯಲ್ಲಿ ಸಮಾಜಕ್ಕೆ ಪಾಲಿದೆ ಎಂದು ಶರೀಅತ್ತೇ ಹೇಳಿರುವಾಗ, ಸಮಾಜದ ಕಣ್ಣು ತಪ್ಪಿಸಿ ಅದನ್ನು ಮಾರುವುದಕ್ಕೆ ಶರೀಅತ್ತಿನ ಹೆಸರು ಹೇಳುವುದು ವಿಪರ್ಯಾಸವಾಗಿದೆ. ನಾವು ಬದುಕುವ ನಾಡಿನ ನ್ಯಾಯಯುತ ಕಾನೂನನ್ನು ಪಾಲಿಸುವುದು ಕರಾರನ್ನು ಪಾಲಿಸಿದಂತೆಯೇ. ಭಾರತದಲ್ಲಿಯೂ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ವಿಧಿಸಿತ್ತು.

ಪವಿತ್ರ ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದಲ್ಲಿ ಬೀಳಲಿದ್ದ ಗೋಡೆಯೊಂದರ ಪ್ರಸ್ತಾಪವಿದೆ. ಅದರಡಿಯಲ್ಲಿ ಇಬ್ಬರು ಅನಾಥ ಬಾಲಕರ ನಿಧಿಯಿತ್ತು. ಪ್ರವಾದಿ ಮೂಸಾ(ಅ)ರ ಜೊತೆಗಿದ್ದ, ಖಿಝ್ರ್(ಅ) ಎಂದು ಪ್ರಸಿದ್ಧರಾದ ಅಲ್ಲಾಹನ ದಾಸರಿಗೆ ಆ ನಿಧಿಯ ಅರಿವಿತ್ತು. ಅವರು ಅಗೆಯಲಿಲ್ಲ, ಆತಿಥ್ಯ ನಿರಾಕರಿಸಿದ್ದ ಆ ಊರಿನಲ್ಲಿ ಕೂಲಿಯನ್ನೂ ಪಡೆಯದೆ ಗೋಡೆಯನ್ನು ನೆಟ್ಟಗೆ ನಿಲ್ಲಿಸಿದರು. ಮಕ್ಕಳು ಪ್ರಾಯಕ್ಕೆ ಬಂದು ತಮ್ಮ ಸೊತ್ತನ್ನು ತಾವೇ ಪಡೆಯಬೇಕೆಂಬುದು ಪ್ರಭುವಿನ ಇಚ್ಛೆಯಾಗಿತ್ತು. ನಿಧಿಯ ಜಾಗ ತಿಳಿದಿರುವುದು ಬೇರೆ, ಅದರ ಮೇಲೆ ಹಕ್ಕಿರುವುದು ಬೇರೆ.

ಹುಡುಕುವ ಹವ್ಯಾಸವನ್ನು ಇಸ್ಲಾಮ್ ತಡೆಯುವುದಿಲ್ಲ. ಅನುಮತಿ ಪಡೆದು ಹುಡುಕಿ, ಸಿಕ್ಕಿದ್ದನ್ನು ಇದ್ದಂತೆಯೇ ಕಾಪಾಡಿ ತಿಳಿಸಿದವನಿಗೆ ಬರುವ ಪಾಲು ಚಿಕ್ಕದಾದರೂ ಶುದ್ಧವಾಗಿರುತ್ತದೆ. ಕಾಡಿನ ಏಕಾಂತದಲ್ಲಿ ಯಂತ್ರದ ಸದ್ದು ಬೇರಾರಿಗೂ ಕೇಳಿಸದಿರಬಹುದು; ಅಲ್ಲಾಹನು ಎಲ್ಲವನ್ನೂ ಆಲಿಸುವವನಾಗಿದ್ದಾನೆ. ಅನ್ಯರ ಹಕ್ಕಿನಿಂದ ನಮ್ಮ ಕೈಗಳನ್ನು ಅವನು ಕಾಪಾಡಲಿ. ಆಮೀನ್.