ಟೈಲ್ಸು ಕೊಯ್ಯುವ ಗರಗಸ

ಹತಾರವು ದ್ರವ್ಯಕ್ಕೆ ತಕ್ಕುದಾಗಿರಬೇಕೆಂಬುದನ್ನು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರಾಲಯವನ್ನು ಕಟ್ಟಿದವರು ಉಳಿಗೆ ಒಗ್ಗುವ ಬಳಪದ ಕಲ್ಲನ್ನು ಆರಿಸಿಕೊಂಡರು. ಸೊರಬದ ಗುಡಿಗಾರರು ಗಂಧದ ಕೊರಡಿಗೆ ಸಣ್ಣ ಉಳಿಗಳನ್ನೇ ಹಿಡಿಯುತ್ತಾರೆ. ಈಗ ಈ ಎರಡು ಊರುಗಳ ಹೊಸ ಮನೆಗಳಿಗೆಲ್ಲ ಬರುತ್ತಿರುವ ವಿಟ್ರಿಫೈಡ್ ಟೈಲ್ಸಾದರೋ ಬಳಪದ ಕಲ್ಲಿಗಿಂತ ಬಹಳ ಗಡುಸು, ಗಾಜಿನಂತೆ ಚಕ್ಕೆಯೇಳುವಂಥದು. ಅದನ್ನು ಕೊಯ್ಯುವ ಗರಗಸವನ್ನು ಆರಿಸುವ ಬಗೆಯನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಇದಕ್ಕೆ ಒಂದು ಪ್ರಸಂಗವೇ ಕಾರಣವು. ಕಳೆದ ಬೇಸಗೆಯಲ್ಲಿ ಶಿಕಾರಿಪುರದ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ನಡುಮನೆಯಲ್ಲಿ ನೆಲಹಾಸಿನ ಕೆಲಸ ನಡೆದಿತ್ತು. ಬಿಳಿಯ ಧೂಳಿನ ನಡುವೆ, ಬಾಯಿಗೆ ವಸ್ತ್ರ ಕಟ್ಟಿಕೊಂಡು ಒಣಗರಗಸವನ್ನು ನಡೆಸುತ್ತಿದ್ದವನು ತಲೆಯೆತ್ತಿದಾಗ, ಸೊರಬದಲ್ಲಿ ನಮ್ಮ ಬಳಿ ಓದಿದ ಹುಡುಗನೆಂದು ಗುರುತಾಯಿತು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದನು. “ನೀರು ಬಿಟ್ಟು ಕೊಯ್ಯಬಾರದೇನಪ್ಪ?” ಎಂದೆವು. “ರಾಡಿಯಾಗುತ್ತದೆಂದು ಮನೆಯವರು ಒಪ್ಪುವುದಿಲ್ಲ, ಮೇಷ್ಟ್ರೇ” ಎಂದನು. ಯಜಮಾನರು ನಮ್ಮ ಪಕ್ಕದಲ್ಲಿಯೇ ಇದ್ದರು. ನಮ್ಮ ಮನೆಯ ನೆಲ ಮಾಡಿಸಿದಾಗ ನಾವೂ ಅದೇ ಮಾತನ್ನಾಡಿದ್ದು ನೆನಪಾಗಿ, ಅವರಿಗೆ ಬುದ್ಧಿ ಹೇಳಲು ನಮಗೆ ಬಾಯಿ ಬರಲಿಲ್ಲ.

ಆ ಧೂಳಿನಲ್ಲಿ ಸಿಲಿಕಾ ಎಂಬ ದ್ರವ್ಯವಿರುತ್ತದೆ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ಅಲ್ಲಿಯೇ ನೆಲೆಸಿ, ವರ್ಷಗಳ ಮೇಲೆ ಸಿಲಿಕೋಸಿಸ್ ಎಂಬ ರೋಗವನ್ನು ಉಂಟುಮಾಡುತ್ತವೆ. ಒಮ್ಮೆ ಕೆಟ್ಟ ಭಾಗವನ್ನು ಸರಿಪಡಿಸುವ ಔಷಧವಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೂ ಸೇರಿಸಿತು. ಮಧ್ಯಪ್ರದೇಶದ ಮಂದಸೌರಿನಲ್ಲಿ ಸ್ಲೇಟಿನ ಕಡ್ಡಿ ಕೊಯ್ಯುತ್ತಿದ್ದ ಅನೇಕರು ಈ ರೋಗಕ್ಕೆ ತುತ್ತಾದರು. ಅಂಥ ಕಡ್ಡಿಗಳನ್ನೇ ಮಕ್ಕಳ ಕೈಗಿತ್ತು ಅಕ್ಷರ ತಿದ್ದಿಸಿದವರು ನಾವು!

ಬಾಯಿಗೆ ಕಟ್ಟಿದ ವಸ್ತ್ರವು ಇದನ್ನು ತಡೆಯಲಾರದು. ನೀರು ಬಹುಮಟ್ಟಿಗೆ ತಡೆಯುತ್ತದೆ: ಪುಡಿ ಹಾರುವ ಮೊದಲೇ ಅದನ್ನು ನೆನೆಸಿ ಕೆಸರು ಮಾಡುತ್ತದೆ, ಅಲಗನ್ನು ತಣಿಸಿ ಅದರ ಬಾಳಿಕೆಯನ್ನೂ ಹೆಚ್ಚಿಸುತ್ತದೆ.

ಇನ್ನು ಆಯ್ಕೆಯ ಕ್ರಮ. ನೇರವಾದ ಕೊಯ್ತಕ್ಕೆ ಗೀರಿ ಮುರಿಯುವ ಕೈಯಂತ್ರವೇ ಅನೇಕ ವೇಳೆ ಸಾಕು. ಮೂಲೆ, ಕಂಬದ ಸುತ್ತು ಮೊದಲಾದವಕ್ಕೆ ಮೇಜಿನ ನೀರುಗರಗಸವು ಉತ್ತಮ. ಅದನ್ನು ತರುವಾಗ ಮೊದಲು ಟೈಲ್ಸಿನ ಅಳತೆಯನ್ನು ನೋಡತಕ್ಕದ್ದು. 2 ಅಡಿ ಚೌಕದ ಟೈಲ್ಸಿನ ಕರ್ಣವು ಸುಮಾರು 34 ಅಂಗುಲ. ಮೂಲೆಯಿಂದ ಮೂಲೆಗೆ ಕೊಯ್ಯುವುದಾದರೆ ಯಂತ್ರಕ್ಕೆ ಅಷ್ಟು ಹರವಿರಬೇಕು. ಎರಡನೆಯದು ಅಲಗು. ಅಂಚು ಎಲ್ಲಿಯೂ ಕಡಿಯದೆ ಸುತ್ತಲೂ ಒಂದೇ ಸಮನಾಗಿರುವ ವಜ್ರದ ಅಲಗು ಬೇಕು. ಅಂಚಿನಲ್ಲಿ ಸೀಳುಗಳಿರುವುದು ಕಲ್ಲು ಕಾಂಕ್ರೀಟಿಗೆ ಸರಿ, ಟೈಲ್ಸಿನ ಮೇಲ್ಮೈಯಲ್ಲಿ ಚಕ್ಕೆಯೆಬ್ಬಿಸುತ್ತದೆ. ಮೂರನೆಯದು ತೊಟ್ಟಿ. ಅದರ ನೀರು ಬತ್ತಕೂಡದು. ಗಟ್ಟಿಯಾದ ಕೆಸರನ್ನು ಆಗಾಗ ತೆಗೆಯಬೇಕು. ನಾಲ್ಕನೆಯದು ವಿದ್ಯುತ್ತು. ನೀರಿನ ಬಳಿಯ ಕೆಲಸವಾದ್ದರಿಂದ ಸರಿಯಾದ ಅರ್ಥಿಂಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿಯೂ ಇಲ್ಲದೆ ಯಂತ್ರವನ್ನು ನಡೆಸಕೂಡದು. 4 ಅಂಗುಲದ ಒಣ ಕೈಕಟರಿನ ಮೇಲೆ ಚೊಂಬಿನಿಂದ ನೀರು ಹೊಯ್ಯುವುದು ಪ್ರಾಣಾಪಾಯ; ತಯಾರಿಸಿದವರೇ ನೀರಿನ ನಳಿಗೆ ಜೋಡಿಸಿರುವುದನ್ನೇ ಬಳಸತಕ್ಕದ್ದು.

ಒಂದು ಮನೆಯ ಕೆಲಸಕ್ಕೆ ಯಂತ್ರವನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಲೇಸು. ಕೊಯ್ಯುವ ಕೆಲಸವು ಅಂಗಳದಲ್ಲಿ ನಡೆಯಲಿ. ಕೆಸರನ್ನು ಚರಂಡಿಗೆ ಚೆಲ್ಲಿದರೆ ಅದು ಕಟ್ಟಿಕೊಳ್ಳುತ್ತದೆ. ನೆಲದಲ್ಲಿ ಒಣಗಲು ಬಿಟ್ಟರೆ ಪುನಃ ಧೂಳಾಗುತ್ತದೆ. ಹಸಿಯಿರುವಾಗಲೇ ಬಳಿದು ತೆಗೆಯಿರಿ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಆದರೆ ಕೆಸರು ನಮ್ಮ ಅಂಗಳದ್ದು, ಉಳಿಯುವ ಉಸಿರು ಮತ್ತೊಬ್ಬನದು. ಆದ್ದರಿಂದ ಕೂಲಿಯನ್ನು ಮಾತನಾಡುವಾಗಲೇ “ನೀರು ಹಾಕಿಯೇ ಕೊಯ್ಯಿರಿ, ರಾಡಿಯಾದರೆ ಆಗಲಿ” ಎಂದು ಗೃಹಸ್ಥನೇ ಮುಂದಾಗಿ ಹೇಳತಕ್ಕದ್ದು. ಕೆಲಸದವನು ತಾನಾಗಿ ಕೇಳಲಾರನು.

ನಮ್ಮ ಬಂಧುಗಳು ಮರುದಿನವೇ ನೀರುಗರಗಸವನ್ನು ತರಿಸಿದರು. ಅಂಗಳದ ರಾಡಿಯನ್ನು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಹುಡುಗನನ್ನು ವೈದ್ಯರ ಬಳಿಗೆ ಕರೆದೊಯ್ಯುವ ಕೆಲಸವನ್ನು ನಾವು ವಹಿಸಿಕೊಂಡಿದ್ದೇವೆ.