ಹೊದಿಕೆಯ ಅಡಿಯಲ್ಲಿ ಏನಿದೆ?

ಉದ್ದನಪಲ್ಲಿಯಿಂದ ಹೊಸೂರಿಗೂ ರಾಯಕೋಟೆಗೂ ಓಡಾಡುವ ಕಾರುಗಳಲ್ಲಿ ಒಂದು ಮನೆಯಲ್ಲಿ ಹಲವು ವರ್ಷ ದುಡಿದು ಇನ್ನೊಂದು ಮನೆಗೆ ಬಂದವು ಬೇಕಾದಷ್ಟಿವೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕಾರೇ ಮತ್ತೊಂದು ಹೊತ್ತಿನಲ್ಲಿ ಟೊಮೇಟೊ ಕ್ರೇಟುಗಳನ್ನೋ ಗೊಬ್ಬರದ ಚೀಲವನ್ನೋ ಹಿಂದಿನ ಸೀಟಿನ ಮೇಲೆ ಹೊತ್ತುಕೊಂಡು ಸಾಗುತ್ತದೆ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಸೀಟಿನ ಬಟ್ಟೆ ಸವೆಯುತ್ತದೆ, ಹೊಲಿಗೆ ಬಿಡುತ್ತದೆ, ಒಳಗಿನ ಹಳದಿ ಫೋಮ್ ಪುಡಿಪುಡಿಯಾಗಿ ಹೊರಗೆ ಇಣುಕುತ್ತದೆ. ಆಗ ಮನೆಯಲ್ಲಿ ಮಾತು ಏಳುತ್ತದೆ: ಲೆದರ್ ಕವರ್ ತಂದು ನಾವೇ ಹಾಕಿಕೊಂಡರಾಗದೆ?

ಆಗುತ್ತದೆ. ಅದು ಮನೆಮಂದಿಯೆಲ್ಲ ಸೇರಿ ಒಂದು ಭಾನುವಾರದಲ್ಲಿ ಮಾಡಿ ಮುಗಿಸಬಹುದಾದ ಕೆಲಸವೇ. ಆದರೆ ಹೊದಿಕೆ ಎಂಬುದು ಮುಚ್ಚುವ ವಸ್ತು. ಮುಚ್ಚುವ ಮುನ್ನ ಅಡಿಯಲ್ಲಿ ಏನಿದೆ ಎಂದು ನೋಡಿಕೊಳ್ಳುವವನೇ ಜಾಣ. ಈ ವಾರ ಅಷ್ಟನ್ನೇ ವಿಚಾರಿಸೋಣ.

ಮೊದಲಿಗೆ ‘ಲೆದರ್’ ಎಂಬ ಮಾತಿನ ಅಡಿಯಲ್ಲಿ ಏನಿದೆ ಎಂಬುದನ್ನು ನೋಡಬೇಕು. ಹೊಸೂರಿನ ಅಂಗಡಿಯಲ್ಲಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಲೆದರ್ ಸೀಟ್ ಕವರ್ ಎಂದು ಕಡಿಮೆ ಬೆಲೆಗೆ ಕೈಗಿಡುವುದು ಸಾಮಾನ್ಯವಾಗಿ ತೊಗಲಲ್ಲ. ನೇಯ್ದ ಬಟ್ಟೆಯ ಮೇಲೆ ಪಿವಿಸಿಯನ್ನೋ ಪಾಲಿಯುರಿಥೇನನ್ನೋ ಲೇಪಿಸಿದ ಕೃತಕ ಹಾಳೆ. ನಾವು ಅದನ್ನು ರೆಕ್ಸಿನ್ ಎನ್ನುತ್ತೇವೆ. ಮೂಲತಃ ರೆಕ್ಸಿನ್ ಎಂಬುದು ಬ್ರಿಟನ್ನಿನ ಒಂದು ಕಂಪನಿಯ ವ್ಯಾಪಾರನಾಮ. ಸರಕು ಊರೂರಿಗೆ ಹಬ್ಬಿದಂತೆ ಹೆಸರೂ ಹಬ್ಬಿ ನಮ್ಮ ಮನೆಮಾತಾಯಿತು. ರೆಕ್ಸಿನ್ ಕೊಳ್ಳುವುದು ತಪ್ಪೇನಲ್ಲ. ನೀರು ಇಂಗದು, ಒರೆಸಿದರೆ ಕೊಳೆ ಹೋಗುತ್ತದೆ, ಬೆಲೆಯೂ ಕೈಗೆಟುಕುತ್ತದೆ. ರೆಕ್ಸಿನ್ನಿಗೆ ತೊಗಲಿನ ಬೆಲೆ ತೆರುವುದು ಮಾತ್ರ ತಪ್ಪು.

ಇವೆರಡನ್ನೂ ಗುರುತಿಸಲು ಪಂಡಿತರಾಗಬೇಕಿಲ್ಲ. ಹಾಳೆಯನ್ನು ತಿರುವಿ ಹಿಂಬದಿಯನ್ನು ನೋಡಿರಿ. ನಿಜವಾದ ತೊಗಲಿನ ಹಿಂಭಾಗ ನಾರುನಾರಾಗಿ, ಮುಟ್ಟಿದರೆ ನವಿರಾದ ಜುಂಗಿನಂತೆ ಇರುತ್ತದೆ. ರೆಕ್ಸಿನ್ನಿನ ಹಿಂಭಾಗದಲ್ಲಿ ಬಟ್ಟೆಯ ನೇಯ್ಗೆ ಕಾಣುತ್ತದೆ. ಕತ್ತರಿಸಿದ ಅಂಚಿನಲ್ಲಿ ತೊಗಲಿಗೆ ಪದರಗಳಿಲ್ಲ, ಕೃತಕ ಹಾಳೆಗೆ ಬಟ್ಟೆ ಮತ್ತು ಲೇಪ ಎಂಬ ಎರಡು ಪದರಗಳು ಬೇರೆಬೇರೆಯಾಗಿ ಕಾಣುತ್ತವೆ. ತೊಗಲನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ, ಏಕೆಂದರೆ ಯಾವ ಪಶುವೂ ಥಾನಿನ ಅಳತೆಗೆ ಬೆಳೆಯುವುದಿಲ್ಲ. ರೆಕ್ಸಿನ್ ಥಾನಿನಿಂದ ಮೀಟರು ಲೆಕ್ಕದಲ್ಲಿ ಬರುತ್ತದೆ. ಅಗ್ಗದ ಪಾಲಿಯುರಿಥೇನ್ ಲೇಪವು ಬಿಸಿಲು ಮತ್ತು ತೇವದಿಂದ ಕೆಲವು ವರ್ಷಗಳಲ್ಲಿ ಹೊಟ್ಟು ಹೊಟ್ಟಾಗಿ ಏಳುವುದುಂಟು. ಒಮ್ಮೆ ಏಳತೊಡಗಿದ ಮೇಲೆ ಅದಕ್ಕೆ ಮದ್ದಿಲ್ಲ.

ನಮ್ಮ ಭಾಗದವರಿಗೆ ತೊಗಲು ಪರದೇಶದ ವಸ್ತುವಲ್ಲ. ಕೃಷ್ಣಗಿರಿಯಿಂದ ಚೆನ್ನೈ ಹೆದ್ದಾರಿ ಹಿಡಿದರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಎಂದು ಸಾಲಾಗಿ ಬರುವ ಊರುಗಳು ದೇಶದ ತೊಗಲು ಉದ್ಯಮದ ದೊಡ್ಡ ನೆಲೆಗಳು. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 1948ರಷ್ಟು ಹಿಂದೆಯೇ ಆರಂಭವಾಯಿತು. ಅದಕ್ಕೂ ಹಿಂದೆ ಈ ಸೀಮೆಯಲ್ಲಿ ತೊಗಲನ್ನು ಹದಗೊಳಿಸುತ್ತಿದ್ದುದು ನಮ್ಮ ಬೇಲಿಯ ಪಕ್ಕದ ಗಿಡದಿಂದ. ಒಣಭೂಮಿಯಲ್ಲಿ ಹಳದಿ ಹೂ ಬಿಡುವ ತಂಗಡಿಯನ್ನು, ಅಂದರೆ ಆವರಿಕೆಯನ್ನು, ನಮ್ಮ ಮಕ್ಕಳೆಲ್ಲ ಬಲ್ಲರು. ಪೊಂಗಲ್ ಸಮಯದಲ್ಲಿ ಬೇವಿನ ಸೊಪ್ಪಿನೊಡನೆ ಮನೆಗಳ ಸೂರಿಗೆ ಸಿಕ್ಕಿಸುವ ಹೂ ಅದೇ. ಅದರ ತೊಗಟೆಯ ರಸದಲ್ಲಿ ತೊಗಲನ್ನು ನೆನೆಯಿಟ್ಟು, ಅಳಲೆಕಾಯಿಯ ನೀರು ಸೇರಿಸಿ, ದಿನಗಟ್ಟಲೆ ಕಾದು ಹದಕ್ಕೆ ತರುತ್ತಿದ್ದರು. ಈಗ ಬಹುಪಾಲು ತೊಗಲನ್ನು ಕ್ರೋಮಿಯಂ ಲವಣದಿಂದ ಬೇಗನೆ ಹದಗೊಳಿಸುತ್ತಾರೆ. ಆ ವೇಗಕ್ಕೆ ಪಾಲಾರ್ ನದಿಯೂ ಸುತ್ತಲಿನ ಬಾವಿಗಳೂ ಬೆಲೆ ತೆತ್ತವು. ತೊಗಲಿನ ಕಾರ್ಖಾನೆಗಳ ಕೊಳಚೆಯ ಮೇಲೆ ವೆಲ್ಲೂರಿನ ನಾಗರಿಕರ ವೇದಿಕೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಕೆಡಿಸಿದವನೇ ದಂಡ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು.

ಮಾತಿನ ಹದವನ್ನೂ ಇಲ್ಲಿಯೇ ಗಮನಿಸಬಹುದು. ತಮಿಳರ ತೋಲ್, ತೆಲುಗರ ತೋಲು, ನಮ್ಮ ತೊಗಲು ಒಂದೇ ಬೇರಿನ ಚಿಗುರುಗಳು. ತಮಿಳಿನ ಪದಂ ನಮ್ಮಲ್ಲಿ ಹದ. ಪಾಲ್ ಎಂಬುದು ಹಾಲಾದಂತೆ. ಮೂರು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಅಂಗಡಿಯ ಮಾತೂ ಒಂದು ಪಾಠವೇ.

ಇನ್ನು ಕೆಲಸಕ್ಕೆ ಬರೋಣ. ದಾರಿಗಳು ಎರಡು. ಹಳೆಯ ಬಟ್ಟೆಯ ಮೇಲೆಯೇ ಸಿದ್ಧ ಕವರನ್ನು ತೊಡಿಸುವುದು ಒಂದು. ಹಳೆಯದನ್ನು ಬಿಚ್ಚಿ ತೆಗೆದು ಫೋಮಿನ ಮೇಲೆ ನೇರವಾಗಿ ಹೊಸ ತೊಗಲನ್ನು ಬಿಗಿಯುವುದು ಇನ್ನೊಂದು. ಮನೆಯಲ್ಲಿ ಮಾಡುವವರಿಗೆ ಮೊದಲನೆಯದೇ ಸೂಕ್ತ.

ಯಾವ ದಾರಿಯಾದರೂ ಮೊದಲು ಫೋಮನ್ನು ಪರೀಕ್ಷಿಸಬೇಕು. ಚಾಲಕನ ಸೀಟಿನಲ್ಲಿ ಬಾಗಿಲ ಕಡೆಯ ಉಬ್ಬು ಎಲ್ಲಕ್ಕಿಂತ ಮೊದಲು ಕುಸಿಯುತ್ತದೆ. ದಿನವೂ ಹತ್ತಿ ಇಳಿಯುವಾಗ ದೇಹ ಅದನ್ನೇ ಉಜ್ಜುತ್ತದೆ. ಕುಸಿದ ಫೋಮಿನ ಮೇಲೆ ಎಂಥ ತೊಗಲು ಹೊದಿಸಿದರೂ ಅದು ಸುಕ್ಕುಗಟ್ಟುತ್ತದೆ, ಸುಕ್ಕಿನಲ್ಲೇ ಸೀಳುತ್ತದೆ. ಪುಡಿಯಾದ ಭಾಗವನ್ನು ಕತ್ತರಿಸಿ ತೆಗೆದು, ಅದೇ ಆಕಾರದ ಗಟ್ಟಿ ಫೋಮ್ ತುಂಡನ್ನು ಅಂಟಿಸಿ, ಅಂಟು ಪೂರ್ತಿ ಒಣಗುವವರೆಗೆ ಕಾಯಬೇಕು. ಸೀಟಿನ ಧೂಳು ತೆಗೆದು, ತೊಳೆದಿದ್ದರೆ ಒಂದು ದಿನ ಬಾಗಿಲು ತೆರೆದಿಟ್ಟು ಒಣಗಿಸಬೇಕು. ತೇವವನ್ನು ಒಳಗಿಟ್ಟು ಮುಚ್ಚಿದರೆ ಬೂಷ್ಟಿನ ವಾಸನೆ ಹೊರಡುತ್ತದೆ.

ಬಳಿಕ ತಲೆದಿಂಬನ್ನು ಅದರ ಬುಡದ ಗುಂಡಿ ಒತ್ತಿ ಮೇಲಕ್ಕೆಳೆದು ತೆಗೆಯಬೇಕು. ಕವರನ್ನು ಅರ್ಧ ಗಂಟೆ ಬಿಸಿಲಿನಲ್ಲಿಟ್ಟರೆ ಮೆದುವಾಗಿ ಮಾತು ಕೇಳುತ್ತದೆ. ಬೆನ್ನಿನ ಭಾಗವನ್ನು ಮೇಲಿನಿಂದ ಅಂಗಿಯಂತೆ ಇಳಿಸಿ, ಹೊಲಿಗೆಯ ಗೆರೆ ಸೀಟಿನ ಅಂಚಿಗೆ ಸರಿಯಾಗಿ ಕೂಡುವಂತೆ ಎರಡೂ ಕೈಗಳಿಂದ ಸವರುತ್ತ ಬರಬೇಕು. ಕೂರುವ ಭಾಗವನ್ನು ಮುಂದಿನಿಂದ ಹಿಂದಕ್ಕೆ ಎಳೆದು, ಪಟ್ಟಿಗಳನ್ನು ಸೀಟು ಮತ್ತು ಬೆನ್ನಿನ ನಡುವಿನ ಸಂದಿಯಲ್ಲಿ ತೂರಿಸಿ ಅಡಿಯಲ್ಲಿ ಕೊಕ್ಕೆಗೆ ಸಿಕ್ಕಿಸಬೇಕು. ಅಡಿಯಲ್ಲಿ ಸೀಟು ಸರಿಯುವ ಕಂಬಿಯೂ ವೈರುಗಳೂ ಇವೆ. ಪಟ್ಟಿಯಾಗಲಿ ಕೊಕ್ಕೆಯಾಗಲಿ ಅವುಗಳಿಗೆ ತಾಗಬಾರದು; ಮುಗಿದ ಮೇಲೆ ಸೀಟನ್ನು ಹಿಂದಕ್ಕೂ ಮುಂದಕ್ಕೂ ಪೂರ್ತಿ ಸರಿಸಿ ನೋಡಬೇಕು.

ಹಿಂದಿನ ಸೀಟನ್ನು ಹೊದಿಸುವಾಗ ಕೂರುವ ಮೆತ್ತೆಯನ್ನು ಎತ್ತಬೇಕಾಗುತ್ತದೆ. ಹಲವು ಕಾರುಗಳಲ್ಲಿ ಮುಂದಿನ ಅಂಚನ್ನು ಮೇಲಕ್ಕೆ ಜಗ್ಗಿದರೆ ಕ್ಲಿಪ್ ಬಿಡುತ್ತದೆ, ಕೆಲವಕ್ಕೆ ಬೋಲ್ಟುಗಳಿರುತ್ತವೆ. ಕಾರಿನೊಂದಿಗೆ ಬಂದ ಪುಸ್ತಕವನ್ನು ಒಮ್ಮೆ ಓದಿ ಕೈಹಾಕಿದರೆ ಕ್ಲಿಪ್ ಮುರಿಯುವುದಿಲ್ಲ.

ಇಲ್ಲಿಯೇ ಈ ಬರಹದ ಮುಖ್ಯ ಮಾತು. ಹಿಂದಿನ ಸೀಟಿಗೆ ಹೊಸ ಕವರ್ ಹೊದಿಸಿದ ಕಾರುಗಳಲ್ಲಿ ಸೀಟ್ ಬೆಲ್ಟಿನ ಬಕಲ್ ಕವರಿನ ಅಡಿಗೆ ಸೇರಿಹೋಗಿರುವುದನ್ನು ನೀವೂ ಕಂಡಿರಬಹುದು. ನೋಟ ಅಂದವಾಗುತ್ತದೆ, ಮೇಲೆ ಏನೂ ತೊಡರುವುದಿಲ್ಲ. ಆದರೆ ಆ ದಿನದಿಂದ ಹಿಂದೆ ಕೂರುವವರಿಗೆ ಬೆಲ್ಟ್ ಇದ್ದೂ ಇಲ್ಲದಂತಾಯಿತು. ಹಿಂದೆ ಕೂರುವವರು ಯಾರು? ನಮ್ಮ ಮಕ್ಕಳು, ನಮ್ಮ ಅಜ್ಜಿ ತಾತಂದಿರು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿದ 194ಬಿ ಕಲಮಿನಂತೆ, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ. ಬಕಲನ್ನು ಮುಚ್ಚಿದವರು ನಾವೇ ಆದರೆ ಮಗುವಿಗೆ ಬೆಲ್ಟ್ ಹಾಕಿಕೋ ಎಂದು ಹೇಳುವ ಬಾಯಿ ಎಲ್ಲಿಂದ ಬಂದೀತು?

ಆದುದರಿಂದ ಮೆತ್ತೆಯನ್ನು ಮರಳಿ ಕೂರಿಸುವ ಮೊದಲು ಹಿಂದಿನ ಎಲ್ಲ ಬಕಲುಗಳನ್ನೂ ಮೇಲಕ್ಕೆ ತೆಗೆದುಕೊಂಡು, ಪ್ರತಿಯೊಂದನ್ನೂ ಕೊಂಡಿಗೆ ಸಿಕ್ಕಿಸಿ ‘ಟಕ್’ ಎಂಬ ಸದ್ದು ಕೇಳಿರಿ. ಕವರಿನಲ್ಲಿ ಬಕಲಿಗೆ ಕಿಂಡಿ ಇಲ್ಲದಿದ್ದರೆ ಕವರನ್ನು ಕತ್ತರಿಸಿ ಅಂಚು ಹೊಲಿಸಿರಿ, ಬೆಲ್ಟನ್ನು ಬಿಟ್ಟುಕೊಡಬೇಡಿರಿ. ಮಕ್ಕಳ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಕಾರಿನಲ್ಲಿದ್ದರೆ ಅವುಗಳಿಗೂ ಇದೇ ನಿಯಮ.

ಮುಂದಿನ ಸೀಟುಗಳ ಅಡಿಯಲ್ಲಿ ಇನ್ನೂ ಎರಡು ಸಂಗತಿಗಳಿವೆ. ಕೆಲವು ಕಾರುಗಳಲ್ಲಿ ಬೆನ್ನಿನ ಬಾಗಿಲ ಕಡೆಯ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಸಣ್ಣ ಚೀಟಿ ಹೊಲಿದಿರುತ್ತದೆ. ಅಂದರೆ ಸೀಟಿನೊಳಗೇ ಏರ್‌ಬ್ಯಾಗ್ ಮಡಚಿ ಕುಳಿತಿದೆ. ಪಕ್ಕದಿಂದ ಪೆಟ್ಟು ಬಿದ್ದಾಗ ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಹೊಲಿಗೆಯನ್ನು ಹರಿದುಕೊಂಡು ಹೊರಬರಬೇಕು. ಅದರ ಮೇಲೆ ಗಟ್ಟಿ ತೊಗಲು ಬಿಗಿದರೆ ದಾರಿ ಕಟ್ಟಿದಂತೆ. ಅಂಥ ಕಾರಿಗೆ ಆ ಪಕ್ಕವನ್ನು ತೆರೆದು ಬಿಟ್ಟ, ಅಥವಾ ಅಲ್ಲಿ ಸುಲಭವಾಗಿ ಬಿಡುವ ವಿಶೇಷ ಹೊಲಿಗೆಯಿರುವ, ಆ ಮಾದರಿಗೆಂದೇ ತಯಾರಾದ ಕವರನ್ನೇ ಕೇಳಿ ಕೊಳ್ಳಬೇಕು. ಎರಡನೆಯದು, ಸೀಟಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ ಎಂದು ತಿಳಿದು ಬೆಲ್ಟ್ ಹಾಕಿರೆಂದು ಎಚ್ಚರಿಸುವ ಸಂವೇದಕ. ಮುಂದಿನ ಸೀಟುಗಳ ಅಡಿಯ ವೈರುಗಳನ್ನು, ಅದರಲ್ಲೂ ಹಳದಿ ಬಣ್ಣದವನ್ನು, ಕಳಚಲು ಹೋಗಬೇಡಿರಿ. ಸೀಟನ್ನೇ ಬಿಚ್ಚಬೇಕಾದ ಕೆಲಸವನ್ನು ತಿಳಿದ ಮೆಕ್ಯಾನಿಕ್ಕಿಗೆ ಬಿಡುವುದೇ ಲೇಸು.

ಎರಡನೆಯ ದಾರಿಯನ್ನು, ಅಂದರೆ ಹಳೆಯ ಬಟ್ಟೆ ಬಿಚ್ಚಿ ತೊಗಲು ಬಿಗಿಯುವುದನ್ನು, ಆರಿಸಿಕೊಳ್ಳುವವರು ಕೆಲಸವನ್ನು ಹಂಚಿಕೊಳ್ಳುವುದು ಒಳ್ಳೆಯದು. ಬಿಚ್ಚಿದ ಬಟ್ಟೆಯ ತುಂಡುಗಳಿಗೆ ಅಂಕಿ ಹಾಕಿ, ಮೇಲು ಕೆಳಗು ಗುರುತಿಸಿ, ಅದನ್ನೇ ಮಾದರಿಯಾಗಿ ಕೊಟ್ಟು ಕತ್ತರಿಸುವುದನ್ನೂ ಹೊಲಿಯುವುದನ್ನೂ ಕಸುಬುದಾರರಿಗೆ ಒಪ್ಪಿಸಬೇಕು. ಮನೆಯ ಹೊಲಿಗೆ ಯಂತ್ರ ನಾಲ್ಕು ಪದರ ತೊಗಲನ್ನು ದೂಡಲಾರದು. ಬಟ್ಟೆಯಲ್ಲಿ ತಪ್ಪಿ ಚುಚ್ಚಿದ ಸೂಜಿಯ ಗುರುತು ಮಾಯುತ್ತದೆ; ತೊಗಲಿನಲ್ಲಿ ಒಮ್ಮೆ ಬಿದ್ದ ತೂತು ಕೊನೆಯವರೆಗೂ ತೂತೇ.

ಆ ಕಸುಬುದಾರರ ವಿಷಯದಲ್ಲಿ ಒಂದು ಮಾತು ಹೇಳದೆ ಇರಲಾಗದು. ಲೆದರ್ ಸೀಟು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮ ಸಮಾಜ, ರಂಪಿಗೆ ದಬ್ಬಳ ಹಿಡಿದು ತೊಗಲಿನಲ್ಲಿ ದುಡಿದವರನ್ನು ಶತಮಾನಗಳ ಕಾಲ ಊರ ಹೊರಗಿಟ್ಟಿತು. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ ಎಂಬ ಹೆಸರುಗಳನ್ನು ಕನ್ನಡ ಓದುವ ಮಕ್ಕಳು ಬಲ್ಲರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವರು ಶರಣರೆಂದು ಪೂಜ್ಯರಾದರು. ತಮ್ಮ ಕಸುಬನ್ನು ಹೆಸರಿನೊಡನೆ ಹೊತ್ತೇ ಪೂಜ್ಯರಾದರು. ಪುಸ್ತಕದಲ್ಲಿ ಅವರಿಗೆ ಕೈಮುಗಿಸುವ ನಾವು, ಸೀಟು ಹೊಲಿಯುವವರ ಅಂಗಡಿಗೆ ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ದು, ಅಣ್ಣಾ ಎಂದು ಕರೆದು, ಹೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಟ್ಟರೆ ಪಾಠ ಪೂರ್ತಿಯಾಗುತ್ತದೆ.

ಹೊದಿಸಿದ ಮೇಲೆ ಪಾಲನೆ ಸರಳ. ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತೇವ ತೆಗೆದರೆ ಸಾಕು. ಕೊಬ್ಬರಿ ಎಣ್ಣೆ ಹಚ್ಚಬೇಡಿರಿ. ಅದು ತೊಗಲನ್ನು ಕಪ್ಪಾಗಿಸಿ, ಕಮಟು ಹಿಡಿದು, ಮಕ್ಕಳ ಸಮವಸ್ತ್ರಕ್ಕೆ ಅಂಟುತ್ತದೆ. ನಿಜವಾದ ತೊಗಲಾದರೆ ವರ್ಷಕ್ಕೆ ಎರಡು ಮೂರು ಸಲ ಅದಕ್ಕೆಂದೇ ಸಿಗುವ ಲೇಪವನ್ನು ತೆಳುವಾಗಿ ಹಚ್ಚಬಹುದು. ಬಿಸಿಲಿನಲ್ಲಿ ನಿಂತ ಕಾರಿನ ತೊಗಲೂ ರೆಕ್ಸಿನ್ನೂ ಕಾದು ಸುಡುತ್ತವೆ. ಅರ್ಧ ಚಡ್ಡಿ ತೊಟ್ಟ ಮಗುವನ್ನು ಕೂರಿಸುವ ಮೊದಲು ಅಂಗೈ ಇಟ್ಟು ನೋಡಿರಿ. ಗೊಬ್ಬರ, ತರಕಾರಿ ಹೊರುವ ಕಾರಿಗೆ ಒಗೆಯಬಹುದಾದ ದಪ್ಪ ಬಟ್ಟೆಯ ಕವರೇ ತೊಗಲಿಗಿಂತ ಹೆಚ್ಚು ಒದಗಿಬರುತ್ತದೆ ಎಂಬುದನ್ನೂ ಮರೆಯಬಾರದು.

ಕೆಲಸವೆಲ್ಲ ಮುಗಿದ ಮೇಲೆ ಮನೆಯ ಕಿರಿಯ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿರಿ. ಅದು ಯಾರ ಸಹಾಯವೂ ಇಲ್ಲದೆ ಬಕಲನ್ನು ಹುಡುಕಿ ಬೆಲ್ಟ್ ಹಾಕಿಕೊಂಡರೆ ನಿಮ್ಮ ಹೊದಿಕೆ ಸರಿಯಾಗಿ ಕೂತಿದೆ ಎಂದರ್ಥ.